ಎರಡನೇ ಜೋಡಿ ಕೈ

ಮಕ್ಕಳ ಶ್ವಾಸಕೋಶದ ವಾರ್ಡಿನಲ್ಲಿ ಎಲ್ಲರೂ ಅವಳನ್ನು ತಟ್ಟಕ್ಕ ಎಂದೇ ಕರೆಯುತ್ತಿದ್ದರು. ಅಂಗೈಯನ್ನು ಬಟ್ಟಲಿನಂತೆ ಮಾಡಿ ಮಕ್ಕಳ ಬೆನ್ನು, ಪಕ್ಕೆ ತಟ್ಟಿ, ಒಳಗೆ ಅಂಟಿ ಕೂತ ಕಫವನ್ನು ಸಡಿಲಿಸುವುದು ಅವಳ ಕೆಲಸ. ತಟ್ಟಿ ತಟ್ಟಿ ಮಣಿಕಟ್ಟು ಗಟ್ಟಿಯಾಗಿತ್ತು, ಜೊತೆಗೆ ನಾಲಿಗೆಯೂ. ಸಂಜೆ ಮನೆಗೆ ಹೋದರೆ ಗಂಡ ಬೆನ್ನು ನೋವೆಂದು ಬೋರಲು ಮಲಗುತ್ತಿದ್ದ. "ಅಂಗಡಿ ಬಾಗಿಲು ಹಾಕಿದೆ" ಎಂದು ಅವಳು ಅವನ ಕೈಗೆ ಸೌಟು ಕೊಡುತ್ತಿದ್ದಳು.

ವಾರ್ಡಿನಲ್ಲಿ ಅವಳದೊಂದು ಹಟ. ಮನೆಗೆ ಹೋಗುವ ಮಗುವಿನ ಬೆನ್ನು ತಟ್ಟಲು ಎರಡು ಜೋಡಿ ಕೈ ಕಲಿತಿರಲೇಬೇಕು. ಹಿಂದೊಮ್ಮೆ ಒಬ್ಬ ತಾಯಿ ಜ್ವರದಲ್ಲಿ ಮಲಗಿದಾಗ, ಮನೆ ತುಂಬ ಜನರಿದ್ದೂ ತಟ್ಟುವವರಿಲ್ಲದೆ ಮಗು ಏದುಸಿರು ಬಿಡುತ್ತ ಮತ್ತೆ ಇದೇ ವಾರ್ಡಿಗೆ ಬಂದಿತ್ತು. ಅಂದಿನಿಂದ ಎಲ್ಲವನ್ನೂ ತಾನೇ ಮಾಡಿಕೊಳ್ಳುತ್ತೇನೆ ಎನ್ನುವ ತಾಯಂದಿರನ್ನು ಕಂಡರೆ ಅವಳಿಗೆ ಆ ಮಗುವೇ ನೆನಪಾಗುತ್ತಿತ್ತು.

ಕಿಟಕಿ ಪಕ್ಕದ ಮಂಚದ ಹುಡುಗಿಯ ತಾಯಿ ಅಂಥವಳೇ. ಹೊಲಿಗೆ ಕಾರ್ಖಾನೆಯಲ್ಲಿ ಕೆಲಸ. ಸೋಮವಾರ ಬಾರದಿದ್ದರೆ ಅವಳ ಮಷಿನ್ನಿಗೆ ಬೇರೆಯವಳನ್ನು ಕೂರಿಸುತ್ತೇವೆಂದು ಹೇಳಿಕಳಿಸಿದ್ದರು. ಅವಳದು ಬೆಳಗಿನ ಪಾಳಿ, ಹಾಗಾಗಿ ಮನೆಗೆ ಹೋದ ಮೇಲೆ ಬೆಳಗ್ಗೆ ತಟ್ಟುವ ಕೆಲಸ ಅಪ್ಪನ ಪಾಲಿನದು. ಅಪ್ಪ ಬಡಗಿ. ಮಗಳ ಬೆನ್ನ ಮೇಲೆ ಮಾತ್ರ ಅವನ ಕೈ ಬೆಕ್ಕನ್ನು ನೇವರಿಸಿದಂತೆ ಆಡುತ್ತಿತ್ತು.

"ಅಪ್ಪಾ, ಧೂಳು ಒರೆಸ್ತಿದೀಯಾ? ಕಚಗುಳಿ ಆಗುತ್ತೆ" ಎಂದಳು ಮಗಳು, ದಿಂಬಿನೊಳಗೆ ಮುಖವಿಟ್ಟು.

"ಮಗೂಗೆ ಹೊಡಿ ಅಂದ್ರೆ ಹೇಗೆ ಹೊಡೀಲಿ? ನಂಗಿದು ಕೈಗೆ ಹತ್ತಲ್ಲ ಅಕ್ಕಾ." ಹೀಗೆಂದು ಅವನು ಹೆಂಡತಿಯ ಕಡೆ ನೋಡಿದ.

ಆ ನೋಟಕ್ಕೇ ಕಾದಿದ್ದಂತೆ ಅವಳ ಕೈ ನಡುವೆ ನುಸುಳಿ ತಟ್ಟತೊಡಗಿತು. "ಬಿಡಿ ಅಕ್ಕಾ, ಕಾರ್ಖಾನೆ ಬಿಟ್ರಾಯ್ತು" ಎನ್ನುವಾಗ ದನಿ ತಗ್ಗಿತು. ಮಷಿನ್ನು ಅವಳಿಗೆಷ್ಟು ಮುಖ್ಯವೆಂದು ತಟ್ಟಕ್ಕನಿಗೆ ಅಷ್ಟರಲ್ಲೇ ಗೊತ್ತಾಯಿತು.

"ನೀವು ಹೋಗಿ ಟೀ ಕುಡ್ಕೊಂಡು ಬನ್ನಿ."

"ನಂಗೆ ಟೀ ಬೇಡ ಅಕ್ಕಾ."

"ಹಾಗಾದ್ರೆ ಕುಡೀದೆ ಬನ್ನಿ. ಮೊದಲು ಹೋಗಿ."

ಅವಳು ಹೊರಟ ಮೇಲೆ ತಟ್ಟಕ್ಕ ಬಡಗಿಯನ್ನು ಪಕ್ಕದ ಖಾಲಿ ಮಂಚದ ಮೇಲೆ ಬೋರಲು ಮಲಗಿಸಿ ನಾಲ್ಕು ಬಾರಿಸಿದಳು. ಮಗಳು ನಕ್ಕು ನಕ್ಕು ಕೆಮ್ಮಿದಳು.

"ಹೊಡೆದ ಹಾಗಾಯ್ತಾ?"

"ಇಲ್ಲ. ನಿದ್ದೆ ಬಂದ ಹಾಗಾಯ್ತು."

"ಅದೊಂದು ನಿಮಗೆ ಕಲಿಸೋದು ಬೇಡ. ಹಲಗೆ ಒಳಗೆ ಪೊಳ್ಳೋ ಗಟ್ಟಿಯೋ ಹೇಗೆ ನೋಡ್ತೀರಿ?"

"ತಟ್ಟಿ, ಕಿವಿಗೊಟ್ಟು."

"ಮತ್ತೆ ಕೈಗೆ ಹತ್ತಲ್ಲ ಅಂದ್ರಲ್ಲ, ಅಲ್ಲಿ ತಟ್ಟೋದು ಯಾರ ಕೈ?"

ಬಡಗಿ ಎದ್ದು ಅಂಗಿಯ ತೋಳು ಮಡಚಿದ. ಮಗಳ ಬೆನ್ನಿಗೆ ಬಿದ್ದ ಮೊದಲ ಏಟು ಚಟ್ ಎಂದಿತು. "ಬೆರಳು ಬಿಚ್ಕೊಂಡಿವೆ, ಮುಚ್ಚು" ಎಂದಳು ಮಗಳು, ಮೇಷ್ಟರ ಗತ್ತಿನಲ್ಲಿ. ಅವನು ಬೆರಳು ಕೂಡಿಸಿ, ತಲೆ ಒಂದು ಪಕ್ಕಕ್ಕೆ ವಾಲಿಸಿ, ಕೆಳಗಿನಿಂದ ಮೇಲಕ್ಕೆ ತಟ್ಟುತ್ತ ಬಂದ. ಡಬ್, ಡಬ್. ಹುಡುಗಿ ಎದ್ದು ಕೂತು ಕೆಮ್ಮಿದಳು. ಬೋಗುಣಿಗೆ ದಪ್ಪ ಕಫ ಬಿತ್ತು. ನಿಧಿ ಸಿಕ್ಕವನಂತೆ ಬಡಗಿ ಅದನ್ನೇ ನೋಡಿದ.

ತಾಯಿ ಅರ್ಧ ಕುಡಿದ ಲೋಟ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

"ನೋಡಿದ್ಯಾ, ಬಂತು" ಎನ್ನುತ್ತ ಅವನು ಬೋಗುಣಿಯನ್ನು ನೇರ ಹೆಂಡತಿಯ ಕಡೆ ಚಾಚಿದ. ಅವಳ ಕೈಯೂ ಮುಂದೆ ಬಂತು.

ತಟ್ಟಕ್ಕ ಇಬ್ಬರ ನಡುವೆ ನಿಂತಳು. "ಪಾಠ ಮುಗಿದಿಲ್ಲ. ತಟ್ಟಿದೋರೇ ತೊಳೀಬೇಕು."

"ಸಿಂಕು ಆ ಕಡೆ ಅಪ್ಪಾ" ಎಂದಳು ಮಗಳು.

ಅವನು ಹೋದ. ಮೂಲೆಯಿಂದ ನೀರು ಬಿಟ್ಟ ಸದ್ದು, ಆಮೇಲೆ ಉಜ್ಜುವ ಸದ್ದು ಕೇಳಿತು. ತಾಯಿಗೆ ತನ್ನ ಕೈಗಳನ್ನು ಏನು ಮಾಡಬೇಕೆಂದೇ ತಿಳಿಯಲಿಲ್ಲ. ಉಳಿದ ಟೀ ಮುಗಿಸಿದಳು. ಲೋಟ ಕಿಟಕಿಯ ಕಟ್ಟೆ ಮೇಲಿಟ್ಟು ಕಾರ್ಖಾನೆಗೆ ಫೋನ್ ಹಚ್ಚಿದಳು.

"ಸೋಮವಾರ ಬರ್ತಿದೀನಿ. ನನ್ನ ಮಷಿನ್ನಿಗೆ ಯಾರನ್ನೂ ಕೂರಿಸ್ಬೇಡಿ."