ಹಗೇವಿನೊಳಗಿನ ಪಾವಲಿ

ನನಗೆ ಪಾವಲಿಯ ಹುಚ್ಚು ಹಿಡಿದದ್ದು ಯುದ್ಧದ ಕಾಲದಲ್ಲಿ. ಪಾವಲಿ ಎಂದರೆ ಕಾಲು ರೂಪಾಯಿಯ ಬೆಳ್ಳಿ ನಾಣ್ಯ, ನಾಲ್ಕಾಣೆ. ಈಗಿನವರು ಕೇಳಿದರೆ ನಗುತ್ತಾರೆ, ನಗಲಿ. ಆಗ ನನಗೆ ಇಪ್ಪತ್ತೆರಡು ವರ್ಷ. ಕೊತ್ತತ್ತಿಯಲ್ಲಿ ನಾಲೆ ನೀರಿನ ಗದ್ದೆ ಇತ್ತು, ಕಬ್ಬು ಕಡಿದು ಕಾರ್ಖಾನೆಗೆ ಹಾಕಿದರೆ ಕೈಗೆ ಬರುತ್ತಿದ್ದದ್ದು ಬರೀ ಕಾಗದದ ನೋಟು. ಸರ್ಕಾರ ಯುದ್ಧದಲ್ಲಿ ಸೋತರೆ ಆ ನೋಟು ಒಲೆ ಹಚ್ಚುವುದಕ್ಕೂ ಆಗುವುದಿಲ್ಲ ಎಂದು ಸಂತೆಯಲ್ಲೆಲ್ಲ ಮಾತು. ಹೊಸ ಪಾವಲಿಗೆ ಅರ್ಧಕ್ಕರ್ಧ ಬೇರೆ ಲೋಹ ಬೆರೆಸುತ್ತಿದ್ದಾರೆಂಬುದೂ ಗೊತ್ತಾಗಿತ್ತು. ರಾಣಿಯ ಮುಖದ್ದು, ಬೋಳುತಲೆ ರಾಜನದು, ಗಡ್ಡದ ರಾಜನದು, ಹೀಗೆ ಹಳೆಯವನ್ನು ಸಿಕ್ಕಷ್ಟು ಕೊಂಡಿಟ್ಟುಕೊಂಡವನೇ ಜಾಣ ಎಂದು ನಾನು ತೀರ್ಮಾನ ಮಾಡಿಬಿಟ್ಟೆ.

ಇಡೀ ರೂಪಾಯಿಯನ್ನೇ ಯಾಕೆ ಕೂಡಿಡಬಾರದು ಎಂದರೆ, ಊರೊಳಗೆ ಬೆಳ್ಳಿ ರೂಪಾಯಿ ಬಿಚ್ಚಿದರೆ ಹತ್ತು ಜನರ ಕಣ್ಣು ಬೀಳುತ್ತದೆ, ಪಾವಲಿಯಾದರೆ ಯಾರಿಗೂ ಗೊತ್ತಾಗದೆ ಕೈ ದಾಟುತ್ತದೆ ಎಂದು ಅಪ್ಪ ಹೇಳಿದ್ದ. ಅಪ್ಪನ ಮಾತಿಗೆ ನನ್ನ ದುರಾಸೆಯೂ ಸೇರಿತು.

ಮಂಡ್ಯದ ಪೇಟೆ ಬೀದಿಯಲ್ಲಿ ಬೀಗ, ಸೈಕಲ್ಲು, ಗ್ಯಾಸ್‌ಲೈಟು ರಿಪೇರಿ ಮಾಡುವ ಸಾಬರೊಬ್ಬರಿದ್ದರು. ಮದ್ದೂರು, ಮಳವಳ್ಳಿ ಸಂತೆಗಳಿಗೆ ಹೋಗುವ ಅವರ ನೆಂಟರು ಅಲ್ಲಿ ಆಯ್ದ ಹಳೇ ಪಾವಲಿಗಳನ್ನು ತಂದು ಅವರಿಗೆ ಕೊಡುತ್ತಿದ್ದರು. ನಾಲ್ಕಾಣೆಯ ನಾಣ್ಯಕ್ಕೆ ಮೊದಮೊದಲು ಐದಾಣೆ, ಆಮೇಲೆ ಆರಾಣೆ. ಆ ವ್ಯಾಪಾರಕ್ಕೊಂದು ಕ್ರಮವಿತ್ತು. ರೇಟು ಎಷ್ಟು ಎಂದು ಮೊದಲು ಬಾಯಿಬಿಟ್ಟವನು ಕೆಟ್ಟ. ನಾನು ಹೋಗಿ ಅವರ ಹಲಗೆಯ ಮೇಲೆ ಕೂತು ಮಳೆ, ನಾಲೆ, ಕಬ್ಬು ಅಂತ ಮಾತಾಡುತ್ತಿದ್ದೆ. ಅವರು ಬೀಗಕ್ಕೆ ಅರ ಹಾಕುತ್ತ ಹೂಂಗುಟ್ಟುತ್ತಿದ್ದರು. ಒಂದು ಸಲ ಊಟದ ಹೊತ್ತಿನಿಂದ ದೀಪ ಹಚ್ಚುವ ಹೊತ್ತಿನ ತನಕ ಹಾಗೇ ಕೂತು ಕಾಲಾಣೆ ಉಳಿಸಿದ್ದೆ. ಅದನ್ನೇ ದೊಡ್ಡ ವಿದ್ಯೆ ಅಂದುಕೊಂಡು ಊರ ತನಕ ಬೀಗುತ್ತ ನಡೆದು ಬಂದೆ.

ಮನೆಯಲ್ಲಿ ನನ್ನನ್ನು ಆಡಿಕೊಳ್ಳಲು ತಂಗಿಯೊಬ್ಬಳಿದ್ದಳು. ಹದಿನಾಲ್ಕು ವರ್ಷ, ನಾಲಿಗೆ ಮಾತ್ರ ನಲವತ್ತರದು. ತಂದ ಪಾವಲಿಗಳನ್ನು ಒಂದೊಂದಾಗಿ ಒರಳುಕಲ್ಲಿನ ಮೇಲೆ ಕೆಡವಿ ಸದ್ದು ಕೇಳಿ, ಇದು ಅಸಲಿ, ಇದು ಅರೆಬೆಳ್ಳಿ ಎಂದು ವಿಂಗಡಿಸುವುದು ಅವಳ ಕೆಲಸ. ಅಣ್ಣಯ್ಯನಿಗೆ ಹೆಣ್ಣು ಹುಡುಕುವುದು ಬೇಡ, ಅವನು ಆಗಲೇ ರಾಣಿಯನ್ನು ಕಟ್ಟಿಕೊಂಡಿದ್ದಾನೆ ಎಂದು ಕೇರಿಗೆಲ್ಲ ಹೇಳಿಕೊಂಡು ಬಂದಿದ್ದಳು. ಈ ಬೆಳ್ಳಿಯೆಲ್ಲ ನಿನ್ನ ಮದುವೆಗೇ ಕಣೇ ಎಂದು ನಾನು ಗದರುತ್ತಿದ್ದೆ. ಅದು ನಿಜವೂ ಹೌದು. ಬೆಳಕವಾಡಿಯ ಕಡೆಯಿಂದ ಅವಳಿಗೊಂದು ಸಂಬಂಧ ಕೇಳಿಕೊಂಡು ಬಂದಿತ್ತು.

ಹುಚ್ಚು ಹೆಚ್ಚಿದಾಗ ಅವ್ವನ ಕಾಲುಕಡಗ ಕಣ್ಣಿಗೆ ಬಿತ್ತು. ಒಡವೆಯನ್ನು ಮಾರಲು ಹೋದರೆ ಸವಕಲು ಅಂತ ಮುರಿದುಕೊಳ್ಳುತ್ತಾರೆ, ನಾಣ್ಯಕ್ಕೆ ಅರಸನ ಮುಖವೇ ಸಾಕ್ಷಿ ಎಂದು ವಾದ ಮಾಡಿ, ಅವಳು ಅತ್ತರೂ ಬಿಡದೆ, ಅದನ್ನೂ ಕೊಟ್ಟು ಪಾವಲಿ ಮಾಡಿಸಿದೆ. ಒಟ್ಟು ನೂರ ಇಪ್ಪತ್ತು ಆದವು. ಸುಗ್ಗಿ ಮುಗಿದು ಮನೆ ಮುಂದಿನ ಹಗೇವಿಗೆ ರಾಗಿ ತುಂಬುವಾಗ, ಆ ಚೀಲವನ್ನು ತಳದಲ್ಲಿಟ್ಟು ಮೇಲೆ ರಾಗಿ ಸುರಿಸಿದೆ. ನೆಲದೊಳಗಿನ ಆ ಗುಂಡಿಯ ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದ ಮೇಲೆ ಕಳ್ಳನ ಅಪ್ಪನಿಗೂ ಅದು ಸಿಗುವಂತಿರಲಿಲ್ಲ. ಹತ್ತು ಪಾವಲಿ ಹೊರಗಿಟ್ಟುಕೋ ಎಂದು ಅವ್ವ ಹೇಳಿದಳು. ಗಂಟು ಒಡೆದರೆ ಕರಗುತ್ತದೆ ಎಂದು ನಾನು ಕೇಳಲಿಲ್ಲ.

ಆ ಮಳೆಗಾಲ ತಂಗಿಗೆ ಚಳಿಜ್ವರ ಬಂತು. ನಾಲೆ ಬಂದ ಮೇಲೆ ನಮ್ಮ ಸೀಮೆಗೆ ಅನ್ನವೂ ಬಂತು, ಚಳಿಜ್ವರವೂ ಬಂತು, ಹಾಗಾಗಿ ಯಾರೂ ಗಾಬರಿಯಾಗಲಿಲ್ಲ. ಹಿಂದೆಲ್ಲ ಆಸ್ಪತ್ರೆಯಲ್ಲಿ ಕ್ವಿನೈನು ಮಾತ್ರೆ ಸಿಗುತ್ತಿತ್ತು. ಈಗ ಬರುವ ಮಾತ್ರೆಯೆಲ್ಲ ಯುದ್ಧಕ್ಕೆ ಹೋಗುತ್ತಿದೆ, ಇಲ್ಲ ಎಂದು ಕೈಯಾಡಿಸಿದರು. ಮೂರನೇ ಸಲ ಚಳಿ ಬಂದು ನಾಲ್ಕು ಕಂಬಳಿ ಹೊದಿಸಿದರೂ ಅವಳ ಹಲ್ಲು ಕಟಕಟ ಎನ್ನುವುದು ನಿಲ್ಲದಾಗ ನಾನು ಮಂಡ್ಯಕ್ಕೆ ಓಡಿದೆ.

ಸಾಬರು ಅರ ಕೆಳಗಿಟ್ಟರು. ಮಾತ್ರೆ ತರಿಸಬಲ್ಲವರು ಒಬ್ಬರಿದ್ದಾರೆ, ಆದರೆ ಅವರು ಕಾಗದ ಮುಟ್ಟುವುದಿಲ್ಲ, ಹಳೇ ಬೆಳ್ಳಿಯೇ ಆಗಬೇಕು ಎಂದರು. ಸಾಬರ ಬಳಿಯಾಗಲೀ ಪೇಟೆಯಲ್ಲಾಗಲೀ ಆಗ ಒಂದು ಬೆಳ್ಳಿ ಪಾವಲಿ ಹುಟ್ಟುತ್ತಿರಲಿಲ್ಲ. ರಾಣಿ ನಾಣ್ಯ ಇನ್ನು ಚಲಾವಣೆಗೆ ಇಲ್ಲ ಎಂದು ಸರ್ಕಾರ ಸಾರಿದ ಮೇಲೆ ಇದ್ದಬದ್ದದ್ದೆಲ್ಲ ಕರಗಿಹೋಗಿತ್ತು ಇಲ್ಲವೇ ಹೂತುಹೋಗಿತ್ತು.

"ಬೆಳ್ಳಿ ತನ್ನಿ ಗೌಡ್ರೆ, ಮಾತ್ರೆ ನನ್ ಜವಾಬ್ದಾರಿ," ಅಂದರು.

ಎಷ್ಟು ಬೆಳ್ಳಿ ಎಂದು ನಾನು ಕೇಳಲಿಲ್ಲ. ತಂಗಿ ಸಾಯುತ್ತಿದ್ದಾಳೆಂದು ಓಡಿ ಬಂದವನು, ರೇಟು ಮೊದಲು ಕೇಳಿದವನು ಕೆಟ್ಟ ಎಂದು ಬಾಯಿ ಬಿಗಿ ಹಿಡಿದು ಕೂತೆ. ಅವರೂ ಹೇಳಲಿಲ್ಲ. ಕಾಳಸಂತೆಯ ಮಾಲು, ಇಡೀ ಚೀಲವನ್ನೇ ನುಂಗುತ್ತದೆ ಎಂದು ನಾನೇ ಲೆಕ್ಕ ಹಾಕಿಕೊಂಡು ಎದ್ದು ಬಂದೆ. ನನ್ನ ಜನ್ಮದಲ್ಲಿ ಅದಕ್ಕಿಂತ ದೊಡ್ಡ ದಡ್ಡತನ ನಾನು ಮಾಡಿಲ್ಲ.

ಊರಿಗೆ ಬಂದರೆ ಚಾವಡಿಯಲ್ಲಿ ಲೆವಿಯವರು ಬಂದು ಇಳಿದಿದ್ದರು. ಯುದ್ಧದ ಲೆವಿಗೆಂದು ಮನೆಮನೆಯ ರಾಗಿ ಅಳೆದು ಸರ್ಕಾರಕ್ಕೆ ಒಯ್ಯುವವರು. ನಮ್ಮ ಹಗೇವಿನ ಅರ್ಧ ಅಪ್ಪ ಅವರಿಗೆ ಬರೆಸದೆ ಮುಚ್ಚಿಟ್ಟಿದ್ದ ರಾಗಿ. ಈಗ ಕಲ್ಲು ಎತ್ತಿದರೆ ವರ್ಷದ ಕೂಳು ಹೋಗುತ್ತದೆ, ಅವರು ಹೋಗಲಿ ತಡಿ ಎಂದ. ನಾನು ಕೂಗಾಡಿದೆ. ಮಾರನೆಯ ದಿನ ಬೆಳಿಗ್ಗೆ ತಂಗಿ ಎದ್ದು ಕೂತು ಮುದ್ದೆ ಕೇಳಿದಳು.

ಆ ಜ್ವರದ ಮೋಸವೇ ಅದು. ಒಂದು ದಿನ ಕೊಂದು ಹಾಕುತ್ತದೆ, ಮಾರನೆಯ ದಿನ ಏನೂ ಆಗದವರಂತೆ ಎಬ್ಬಿಸಿ ಕೂರಿಸುತ್ತದೆ. ಅವಳು ಎದ್ದ ದಿನವೆಲ್ಲ ನಾವು ಹಗೇವಿನ ಮಾತು ಬಿಟ್ಟೆವು. ಮಲಗಿದ ದಿನವೆಲ್ಲ ಅದೇ ಜಗಳ. ಅವ್ವ ಮುತ್ತತ್ತಿ ಆಂಜನೇಯನಿಗೆ ಹರಕೆ ಹೊತ್ತಳು. ನಾನು ನಾಲ್ಕು ಮನೆಗೆ ಹೋಗಿ ಐವತ್ತು ಅರವತ್ತು ಹಳೇ ಪಾವಲಿ ಇದ್ದರೆ ಕೊಡಿ, ಲೆವಿಯವರು ಹೋದೊಡನೆ ತಿರುಗಿಸುತ್ತೇನೆ ಎಂದು ಬೇಡಿದೆ. ಅಷ್ಟೊಂದು ಯಾರ ಮನೆಯಲ್ಲಿದೆಯಪ್ಪಾ ಎಂದು ನಕ್ಕರು. ಯಾರಾದರೂ ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ.

ಐದನೇ ಸಲ ಚಳಿ ಬಂದಾಗ ಅವಳು ನನ್ನ ಗುರುತು ಹಿಡಿಯಲಿಲ್ಲ. ಅವ್ವನನ್ನು ಯಾರಮ್ಮ ನೀನು ಎಂದು ಕೇಳಿದಳು. ಅವ್ವ ಹೊರಗೆ ಬಂದು ಹಾರೆ ತೆಗೆದುಕೊಂಡು ಹಗೇವಿನ ಬಾಯಿಯ ಮಣ್ಣಿಗೆ ಹಾಕಿದಳು. ಅಪ್ಪ ತಡೆಯಲಿಲ್ಲ. ತಾನೇ ಚಾವಡಿಗೆ ನಡೆದು ಹೋಗಿ, ನಮ್ಮ ರಾಗಿ ಅಳೆದುಕೊಳ್ಳಿ ಬನ್ನಿ, ಆಳುಗಳನ್ನೂ ಕರಕೊಂಡು ಬನ್ನಿ ಎಂದು ಲೆವಿಯವರನ್ನು ಕರೆತಂದ. ಅಪ್ಪ ಯಾರ ಮುಂದೂ ಅಷ್ಟು ಕುಗ್ಗಿ ನಿಂತದ್ದನ್ನು ನಾನು ನೋಡಿರಲಿಲ್ಲ.

ಕಲ್ಲೆತ್ತಿದ ಕೂಡಲೇ ಹಗೇವಿಗೆ ಇಳಿಯುವ ಹಾಗಿಲ್ಲ. ಒಳಗೆ ಕೂತ ಗಾಳಿ ಮನುಷ್ಯನನ್ನು ಕೊಲ್ಲುತ್ತದೆ. ದೀಪ ಇಳಿಬಿಟ್ಟು ನೋಡಬೇಕು, ಉರಿದರೆ ಇಳಿಯಬೇಕು. ಬೆಳಿಗ್ಗೆ ಇಳಿಬಿಟ್ಟ ದೀಪ ಮೊಳದುದ್ದ ಹೋಗುವಷ್ಟರಲ್ಲಿ ಆರಿತು. ಹೊಂಗೆ ಕೊಂಬೆಯ ಕಂತೆಯನ್ನು ಹಗ್ಗಕ್ಕೆ ಕಟ್ಟಿ ಬಾವಿ ಸೇದುವಂತೆ ಮೇಲೆ ಕೆಳಗೆ ಆಡಿಸಿದೆವು. ಮತ್ತೆ ದೀಪ ಬಿಟ್ಟೆವು, ಮತ್ತೆ ಆರಿತು. ಮನೆಯೊಳಗಿನಿಂದ ತಂಗಿಯ ನರಳಾಟ ಕೇಳುತ್ತಿತ್ತು. ನಾನು ಉಸಿರು ಕಟ್ಟಿ ಇಳಿದುಬಿಡುತ್ತೇನೆಂದು ಕಾಲು ಇಟ್ಟಾಗ ಅಪ್ಪ ಕೊರಳ ಪಟ್ಟಿ ಹಿಡಿದು ಎಳೆದು ಬೀಳಿಸಿದ. ಒಂದು ಓಗ್ತಾ ಐತೆ, ಇನ್ನೊಂದೂ ಓಗ್ಬೇಕೇನ್ಲಾ ಎಂದು ಅತ್ತ.

ದೀಪ ಉರಿದದ್ದು ನಡುಹಗಲು ದಾಟಿದ ಮೇಲೆ. ಆಮೇಲೆ ಕುಕ್ಕೆ ಕುಕ್ಕೆ ರಾಗಿ ಮೇಲೆ ಬರಬೇಕು. ಲೆವಿಯವರ ಆಳುಗಳೂ ಸೊಂಟ ಬಗ್ಗಿಸಿ ಎಳೆದರು. ನನ್ನ ಜಾಣತನವೆಲ್ಲ ಆ ತಳದಲ್ಲಿತ್ತು. ನಾನು ಒಳಗೆ ನಿಂತು ಎರಡೂ ಕೈಯಲ್ಲಿ ರಾಗಿ ಬಾಚುತ್ತ, ಇಷ್ಟು ಆಳಕ್ಕೆ ಇಟ್ಟ ಪಾಪಿ ಯಾರು ಎಂದು ನನ್ನನ್ನೇ ಬೈದುಕೊಳ್ಳುತ್ತಿದ್ದೆ. ಚೀಲ ಕೈಗೆ ಸಿಕ್ಕಿದಾಗ ಹೊತ್ತು ಇಳಿಯತೊಡಗಿತ್ತು. ಎರವಲು ತಂದ ಸೈಕಲ್ಲಿನಲ್ಲಿ ಮಂಡ್ಯಕ್ಕೆ ಹೇಗೆ ಹೋದೆನೋ ನೆನಪಿಲ್ಲ.

ಸಾಬರು ಇಪ್ಪತ್ತು ಮಾತ್ರೆಯ ಪೊಟ್ಟಣ ತಂದು ನನ್ನ ಅಂಗೈಲಿಟ್ಟರು. ನಾನು ಚೀಲವನ್ನು ಅವರ ಹಲಗೆಯ ಮೇಲೆ ಸುರಿದೆ. ಅವರು ಆರು ಪಾವಲಿ ಎಣಿಸಿಕೊಂಡರು. ಮಿಕ್ಕದ್ದನ್ನು ಮತ್ತೆ ಚೀಲಕ್ಕೆ ತುಂಬಿದರು.

"ಆರೇ ಗೌಡ್ರೆ. ಇಷ್ಟೆಲ್ಲ ಯಾಕೆ ತಂದ್ರಿ?"

ಆರು ಪಾವಲಿ. ಅವತ್ತೇ ಒಂದು ಮಾತು ಕೇಳಿದ್ದರೆ, ನಾಲ್ಕು ಮನೆಯಲ್ಲಿ ಒಂದೊಂದು ಎರಡೆರಡು ಬೇಡಿದ್ದರೆ, ಯಾರು ಕೊಡುತ್ತಿರಲಿಲ್ಲ? ನನ್ನ ಮುಖ ನೋಡಿ ಸಾಬರು ಏನೋ ತಿಳಿದುಕೊಂಡವರಂತೆ ಅಂಗಡಿ ಹಾಗೇ ಬಿಟ್ಟು ಎದ್ದರು. ಬೇಗ ಹೋಗಿ ಎಂದು ತಾವೇ ಸೈಕಲ್ಲನ್ನು ರಸ್ತೆಗೆ ತಳ್ಳಿಕೊಟ್ಟರು.

ನಾನು ಊರು ಮುಟ್ಟಿದಾಗ ನಮ್ಮ ಬಾಗಿಲಲ್ಲಿ ಜನ ಸೇರಿದ್ದರು. ರಾಗಿ ಇನ್ನೂ ಅಂಗಳದಲ್ಲೇ ರಾಶಿ ಬಿದ್ದಿತ್ತು, ಯಾರೂ ಅಳೆದಿರಲಿಲ್ಲ. ಪೊಟ್ಟಣ ಹಿಡಿದು ಒಳಗೆ ಹೋದೆ. ಅವಳ ಕಣ್ಣು ಮುಚ್ಚಿಸಿದ್ದರು. ಅವ್ವ ನನ್ನ ಕೈ ನೋಡಿದಳು, ಬೈಯಲಿಲ್ಲ. ಬೈದಿದ್ದರೆ ನಾನು ಎಲ್ಲೋ ಸ್ವಲ್ಪ ಬದುಕುತ್ತಿದ್ದೆ.

"ಅಣೆಗಿಡಾಕೆ ಒಂದು ಕೊಡ್ಲಾ ಮಗ," ಎಂದಳು.

ಸತ್ತವರ ಹಣೆಗೆ ಕಾಸು ಅಂಟಿಸುವುದು, ಗುಂಡಿಗೆ ಇಳಿಸುವ ಮುಂಚೆ ಅದನ್ನು ಕಿತ್ತು ಗುಂಡಿ ತೋಡಿದವನಿಗೆ ಕೊಡುವುದು ನಮ್ಮ ಮನೆಯ ರೂಢಿ. ಚೀಲದೊಳಗೆ ಕೈ ಹಾಕಿ ಸಿಕ್ಕ ಒಂದನ್ನು ಕೊಟ್ಟೆ. ಮಾರನೆಯ ದಿನ ನಮ್ಮ ಹೊಲದ ಬದುವಿನಲ್ಲಿ, ಗುಂಡಿ ತೋಡಿದ ಮುದುಕ ಅವಳ ಹಣೆಯ ಕಡೆ ಕೈ ನೀಡಿದಾಗ ನಾನು ಬೇಡ ಎಂದೆ. ನಿನಗೆ ಬೇರೆ ಕೊಡುತ್ತೇನೆ, ಹತ್ತು ಬೇಕಾದರೆ ಹತ್ತು, ಅದು ಅವಳ ಜೊತೆಗೇ ಹೋಗಲಿ ಎಂದೆ. ಅವನಿಗೆ ಸಂಕಟವಾಯಿತು, ದುಡ್ಡಿಗಲ್ಲ, ಪದಾರ್ಥಕ್ಕೆ.

"ರಾಣಿ ಪಾವ್ಲಿ ಬುದ್ದಿ. ಸುಮ್ಕೆ ಮಣ್ಣಿಗಾಕ್ಬುಟ್ರೆ?"

"ಇಷ್ಟ್ ದಿನ್ವೂ ಮಣ್ಣಲ್ಲೇ ಇಟ್ಟಿದ್ದೆ ಕಣಪ್ಪ," ಎಂದೆ.