ಆಯುಧ ಪೂಜೆಯ ಪಿಯಾನೊ

ಬಸವರಾಜೇಶ್ವರಿ ಪಿಯಾನೊ ಕಲಿಯುತ್ತಾಳಂತೆ ಅಂದಾಗ ಶಿವಮೊಗ್ಗದ ನೆಂಟರು ನಕ್ಕಿದ್ದೇ ನಕ್ಕಿದ್ದು. ಹಾರ್ಮೋನಿಯಂ ಆದರೆ ಭಜನೆಗಾದರೂ ಬಂದೀತು, ಈ ದೊರೆಗಳ ಪೆಟ್ಟಿಗೆ ಯಾರ ಉದ್ಧಾರಕ್ಕೆ? ಅಪ್ಪ ಷಡಕ್ಷರಪ್ಪ ಯಾರ ಮಾತಿಗೂ ಸೊಪ್ಪು ಹಾಕಲಿಲ್ಲ. ಭದ್ರಾವತಿಯ ಕಾರ್ಖಾನೆಯಲ್ಲಿ ಮೇಸ್ತ್ರಿಯಾಗಿದ್ದ ಅವರು ಸಾಹೇಬರನ್ನು ಕಾಡಿ ಬೇಡಿ, ಆಫೀಸರುಗಳ ಕ್ಲಬ್ಬಿನ ಪಿಯಾನೊ ಮುಟ್ಟಲು ಮಗಳಿಗೆ ಅಪ್ಪಣೆ ಕೊಡಿಸಿದರು. ಪರದೇಶದ ಎಂಜಿನಿಯರೊಬ್ಬರ ಹೆಂಡತಿ ಪಾಠ ಹೇಳಿಕೊಟ್ಟರು. ಹುಡುಗಿ ಬೆಳೆದು ಬೆಂಗಳೂರು, ಮದರಾಸುಗಳಲ್ಲಿ ಸಣ್ಣಪುಟ್ಟ ಕಚೇರಿ ಕೊಟ್ಟಳು. ಶಿಫ್ಟಿನ ಗಲಾಟೆಯಲ್ಲಿ ಅಪ್ಪನಿಗೆ ಒಂದಕ್ಕೂ ಹೋಗಲಾಗಲಿಲ್ಲ.

ಸಾವಿರದ ಒಂಬೈನೂರ ಅರವತ್ತೊಂದರ ನವರಾತ್ರಿಗೆ ಅದೃಷ್ಟ ಬಾಗಿಲಿಗೇ ಬಂತು. ಬೆಂಗಳೂರಿನ ದೊಡ್ಡ ಸಂಗೀತ ಸಭೆಯೊಂದರ ಕಾರ್ಯದರ್ಶಿ ಚಂದ್ರಶೇಖರಪ್ಪ ಹಬ್ಬಕ್ಕೆ ಶಿವಮೊಗ್ಗದ ತಂಗಿ ಮನೆಗೆ ಬಂದಿದ್ದರು. "ವಿಜಯದಶಮಿ ಸಂಜೆ ನಿಮ್ಮ ಕ್ಲಬ್ಬಲ್ಲೇ ನುಡಿಸಮ್ಮ. ಹಿಡಿಸಿದ್ರೆ ಜನವರಿ ಕಚೇರಿ ನಿಂದೇ" ಅಂದರು.

ಹಿಂದಿನ ದಿನ ಆಯುಧ ಪೂಜೆ. ಅವತ್ತು ಭದ್ರಾವತಿಯಲ್ಲಿ ಕುಂಕುಮ ಕಾಣದ ಯಂತ್ರವೇ ಇಲ್ಲ. ತಿಕ್ಕಿ, ಎಣ್ಣೆ ಬಿಟ್ಟು, ವಿಭೂತಿ ಬಳಿದು, ಬೂದುಗುಂಬಳ ಒಡೆದರೇ ಸಮಾಧಾನ. ಷಡಕ್ಷರಪ್ಪನವರಿಗೆ ಮಗಳ ಯಂತ್ರ ನೆನಪಾಯಿತು. ಯಾರಿಗೂ ಹೇಳದೆ ಕ್ಲಬ್ಬಿಗೆ ಹೋಗಿ, ಪಿಯಾನೊದ ಮುಚ್ಚಳ ಎತ್ತಿ, ತಂತಿ ತಂತಿಗೂ ಧಾರಾಳವಾಗಿ ಎಣ್ಣೆ ಬಿಟ್ಟು, ಚೆಂಡುಹೂವಿನ ಹಾರ ಹಾಕಿ ಬಂದರು. ಅಯ್ಯೋ ಪುಣ್ಯಾತ್ಮ! ಆ ತಂತಿಗಳಿಗೆ ಬಡಿಯುವ ಪುಟ್ಟ ಸುತ್ತಿಗೆಗಳಿಗೆ ಉಣ್ಣೆ ಸುತ್ತಿರುತ್ತದೆ, ಅದಕ್ಕೆ ಒಂದು ಹನಿ ಎಣ್ಣೆಯೂ ತಾಗಬಾರದು ಅಂತ ಅವರಿಗೆ ಹೇಳಿದವರಾದರೂ ಯಾರು?

ಮರುದಿನ ಸಂಜೆ ಬಸವರಾಜೇಶ್ವರಿ ಒಂದು ಕೀಲಿ ಒತ್ತಿ ನೋಡಿದಳು. ಒದ್ದೆ ಬಟ್ಟೆ ಬಡಿದ ಹಾಗೆ ಥಪ್ಪೆಂದಿತು. ಮುಚ್ಚಳ ಎತ್ತಿದರೆ ಒಳಗೆಲ್ಲ ಎಣ್ಣೆಯೇ ಎಣ್ಣೆ.

"ನಾನೇ ಕಣವ್ವ ಮಾಡಿದ್ದು!" ಅಂದರು ಅಪ್ಪ, ಮುಖವೆಲ್ಲ ನಗು. "ಹೇಗಿದೆ?"

"ಚೆನ್ನಾಗಿದೆ ಅಪ್ಪಾಜಿ" ಅಂದಳು. ಇನ್ನೇನು ಅಂದಾಳು? ಸುತ್ತಮುತ್ತ ಬೇರೆ ಪಿಯಾನೊ ಇರಲಿಲ್ಲ. ಅಪ್ಪ ಹೊಸ ಪಂಚೆ ಉಟ್ಟು ಮೊದಲ ಸಾಲಿನಲ್ಲಿ ಕೂತಿದ್ದರು. ನುಡಿಸಿದಳು. ಅರ್ಧ ಜನ ಆಕಳಿಸಿದರು, ಉಳಿದವರು ಎದ್ದು ಹೋದರು.

"ಪಿಯಾನೊ ಏನಾದ್ರೂ ಕೆಟ್ಟಿತ್ತೇನಮ್ಮ?" ಚಂದ್ರಶೇಖರಪ್ಪ ಕೇಳಿದರು. ಅಪ್ಪ ಪಕ್ಕದಲ್ಲೇ ನಿಂತಿದ್ದರು.

"ಇಲ್ಲ ಸಾರ್, ನನ್ನ ಕೈಯೇ ಓಡಲಿಲ್ಲ."

ಹಬ್ಬ ಕಳೆದ ಮೇಲೆ ಅಪ್ಪ ಶಿವಮೊಗ್ಗಕ್ಕೆ ಹೋಗಿ ಬಂದರು. "ಸೆಕ್ರೆಟರಿ ಹೇಳಿ ಕಳಿಸಿದ್ರು. ಬೆಂಗಳೂರಿಗೆ ಬಂದು ಇನ್ನೊಂದ್ಸಲ ನುಡಿಸ್ಲಿ ಅಂದ್ರು. ಬೇಡ ಅಂತ ಕೈಮುಗಿದು ಬಂದೆ. ಜನದ ಮುಂದೆ ಮತ್ತೆ ಆ ಅವಮಾನ ನಿನಗ್ಯಾಕವ್ವ? ಕೈಗೆ ಬರದಿದ್ರೆ ಬಿಟ್ಟಾಕು, ನಾನೇನೂ ಬೇಜಾರು ಮಾಡ್ಕೊಳಲ್ಲ."

ಅವಳಿಗೆ ಸಿಟ್ಟು, ಸಂಕಟ ಎರಡೂ ಒಟ್ಟಿಗೇ ಉಕ್ಕಿ ಬಂದು ಮಾತು ಹೊರಬಿದ್ದೇ ಹೋಯಿತು: "ನನ್ನ ಕೈಗೇನೂ ಆಗಿರ್ಲಿಲ್ಲ ಅಪ್ಪಾಜಿ. ನೀವು ಬಿಟ್ಟ ಎಣ್ಣೆಗೆ ಪಿಯಾನೊ ಹಾಳಾಗಿ ಹೋಗಿತ್ತು."

ಷಡಕ್ಷರಪ್ಪ ಒಂದು ಲೋಟ ನೀರೂ ಕುಡಿಯಲಿಲ್ಲ. ಬಂದ ಕಾಲಲ್ಲೇ ಮತ್ತೆ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋದರು. ಚಂದ್ರಶೇಖರಪ್ಪನವರ ನೆಂಟರಿಷ್ಟರೆಲ್ಲ ಕೂತಿದ್ದ ಪಡಸಾಲೆಯಲ್ಲಿ ನಿಂತು, "ಕೆಡಿಸಿದವನು ನಾನು ಸ್ವಾಮಿ, ಹುಡುಗಿದೇನೂ ತಪ್ಪಿಲ್ಲ" ಅಂದರು.

ಜನವರಿಯ ಕಚೇರಿ ಅವಳಿಗೇ ಸಿಕ್ಕಿತು. ಚಪ್ಪಾಳೆ ನಿಲ್ಲಲೇ ಇಲ್ಲ. ಮೊದಲ ಸಾಲಿನ ಒಂದು ಕುರ್ಚಿ ಮಾತ್ರ ಖಾಲಿ ಇತ್ತು. ಬೆಂಗಳೂರಿಗೆ ಜೊತೆಗೇ ಬಂದಿದ್ದ ಅಪ್ಪ ಬಾಗಿಲಲ್ಲೇ ನಿಂತುಬಿಟ್ಟಿದ್ದರು. "ನೀ ಹೋಗವ್ವ. ನಾನು ಒಳಗೆ ಬಂದ್ರೆ ಏನು ಕೆಡುತ್ತೋ ಏನೋ." ಅವಳು ಅತ್ತಳು, ಗದರಿದಳು, ಆಣೆ ಹಾಕಿದಳು. ಅಪ್ಪ ಜಪ್ಪಯ್ಯ ಅನ್ನಲಿಲ್ಲ. ಮದರಾಸಿಗೆ ಬಂದರು, ಮುಂಬಯಿಗೂ ಬಂದರು, ಎಲ್ಲ ಕಡೆಯೂ ಹೊರಗೇ ಉಳಿದರು. ಯಾಕಾದರೂ ಬಾಯಿ ಬಿಟ್ಟೆನೋ ಎಂದು ಅವಳು ಕೊರಗದ ಕಚೇರಿಯಿಲ್ಲ.

ಅರವತ್ತೆಂಟರಲ್ಲಿ ಷಡಕ್ಷರಪ್ಪ ಲಿಂಗೈಕ್ಯರಾದರು. ಕಚೇರಿಯಲ್ಲಿ ಎದುರಿಗೆ ಕೂತು ಅವರು ಮಗಳ ಪಿಯಾನೊ ಕೇಳಿದ್ದು ಒಂದೇ ಸಲ, ಆ ವಿಜಯದಶಮಿಯ ಸಂಜೆ.