ನೂರು ಡಿಗ್ರಿಯ ಅಭಿಮಾನ

ಪುಣೆಯ ವಾಕಡದ ಮಧುಕರ ಹೊಟ್ಟೆಪಾಡಿಗೆ ವಿಮಾ ಕಚೇರಿಗೆ ಹೋಗುತ್ತಾರೆ. ಬದುಕಿರುವುದು ಮಾತ್ರ ಕಂಪ್ಯೂಟರಿನ ಮಿದುಳಾದ ಪ್ರೊಸೆಸರ್ ತಯಾರಿಸುವ ಒಂದು ಕಂಪನಿಯ ಮಾನ ಕಾಯಲು. ಇಂಥವರೊಬ್ಬರು ಇದ್ದಾರೆಂದು ಆ ಕಂಪನಿಗೆ ಗೊತ್ತಿಲ್ಲ, ಪಾಪ. ಎದುರಿನ ಬಿಲ್ಡಿಂಗಿನಲ್ಲಿರುವ ಹೆಂಡತಿಯ ತಮ್ಮ ವಿನೀತ ಎದುರಾಳಿ ಕಂಪನಿಯ ಭಕ್ತ. ಇಬ್ಬರೂ ಅಂಗಡಿಯವನನ್ನು ನಂಬದೆ, ವಿಡಿಯೊ ನೋಡಿ ಕಂಪ್ಯೂಟರನ್ನು ತಾವೇ ಜೋಡಿಸಿದ ಮಹಾನುಭಾವರು.

"ನಿಮ್ಮದು ಪ್ರೊಸೆಸರ್ ಅಲ್ಲ ಭಾವಾರ, ಒಲಿ ಅದ."

"ನಿನ್ನದರ ಮ್ಯಾಲ ರೊಟ್ಟಿನ ಸುಡಬಹುದು, ಹೋಗು!"

ಆ ಕಂಪ್ಯೂಟರಿನಲ್ಲಿ ನಿಜವಾಗಿ ಕೆಲಸ ಮಾಡುವವರು ಮಧುಕರರ ಹೆಂಡತಿ ನೀರಜಾ. ಇನ್ನೂ ಕಟ್ಟದ ಮನೆಗಳೊಳಗೆ ಗಿರಾಕಿಗಳನ್ನು ಸುತ್ತಾಡಿಸುವ ವಿಡಿಯೊ ಮಾಡುತ್ತಾರೆ. ನೌಕರಿ ಬಿಟ್ಟು ಸ್ವಂತಕ್ಕೆ ಹಿಡಿದ ಮೊದಲ ಕೆಲಸ ಆ ಶನಿವಾರ ಸಂಜೆಯೊಳಗೆ ಬಿಲ್ಡರನಿಗೆ ಮುಟ್ಟಬೇಕಿತ್ತು. ಬೆಳಿಗ್ಗೆ ಪೂರ್ತಿ ವಿಡಿಯೊ ತಯಾರಾಗಲು ಹಚ್ಚಿದೊಡನೆ ಪ್ರೊಸೆಸರ್ ನೂರು ಡಿಗ್ರಿ ಮುಟ್ಟಿ, ಸುಟ್ಟುಹೋಗುವ ಭಯಕ್ಕೆ ತಾನೇ ವೇಗ ಇಳಿಸಿಕೊಂಡು ತೆವಳತೊಡಗಿತು. ಮಧುಕರ ಪುಣೆಯ ಬಿಸಿಲನ್ನು ಬೈದರು, ಹೆಂಡತಿಯ ಸಾಫ್ಟ್‌ವೇರನ್ನು ಬೈದರು, ಟೇಬಲ್ ಫ್ಯಾನ್ ತಂದಿಟ್ಟರು. ಕಂಪನಿಯನ್ನು ಮಾತ್ರ ಬೈಯಲಿಲ್ಲ.

"ವಿನೀತನ್ನ ಕರೀತೀನ್ರಿ."

"ಅವನ ಮುಂದ ನನ್ನ ಮರ್ಯಾದಿ ಕಳೀಬ್ಯಾಡ."

ನೀರಜಾ ಕರೆದೇಬಿಟ್ಟರು. ವಿನೀತ ನಗುತ್ತಲೇ ಬಂದು, ಪ್ರೊಸೆಸರಿನ ಶಾಖ ಹೀರುವ ಕೂಲರ್ ಬಿಚ್ಚಿದ. ಕೂರಿಸುವ ಮೊದಲು ಕೀಳಬೇಕಾದ ಪ್ಲಾಸ್ಟಿಕ್ ಹಾಳೆ ಅದರ ತಳದಲ್ಲಿ ಹಾಗೇ ಇದ್ದು ಶಾಖವನ್ನು ತಡೆದಿತ್ತು.

"ಹೊಸಾದು, ಗೀರು ಬೀಳಬಾರದಂತ ಬಿಟ್ಟಿದ್ದೆ," ಎಂದರು ಮಧುಕರ. ಅವರ ಮನೆಯ ಫ್ರಿಜ್ಜು, ರಿಮೋಟು, ಸೋಫಾ ಯಾವುದೂ ಇಂದಿಗೂ ಪ್ಲಾಸ್ಟಿಕ್ ಕಳಚಿಲ್ಲ.

ವಿನೀತನ ನಗು ನಿಂತಿತು. "ನಾನೂ ತಗದಿಲ್ಲ, ಭಾವಾರ."

ಅಂತೂ ಇಬ್ಬರೂ ಇಷ್ಟು ದಿನ ಗೂಟಕ್ಕೆ ಕಟ್ಟಿದ ಎತ್ತುಗಳ ಓಟದ ಬಗ್ಗೆ ಜಗಳವಾಡಿದ್ದರು.

ಹಾಳೆ ಕಿತ್ತು, ಶಾಖ ದಾಟಿಸುವ ಪೇಸ್ಟ್ ಹಚ್ಚಿ, ಕೂಲರ್ ಕೂರಿಸಿದ ಮೇಲೆ ಕಂಪ್ಯೂಟರ್ ಓಡತೊಡಗಿತು. ಸಂಜೆಗೆ ಇನ್ನೂ ಸಮಯವಿತ್ತು.

"ಈಗ ನನ್ನ ಕೆಲಸ ಹಚ್ರಿ," ಎಂದರು ನೀರಜಾ.

"ಒಂದ ಸ್ಪೀಡ್ ಟೆಸ್ಟ್, ಅಷ್ಟ! ಅವನೂ ಮನಿಗೆ ಹೋಗಿ ಹಾಳಿ ತಗೀತಾನ. ಯಾರದು ಫಾಸ್ಟ್ ಅಂತ ಇವತ್ತರ ತಿಳೀಲಿ."

ಒಂದು ಮುಗಿದರೆ ಇನ್ನೊಂದು ಟೆಸ್ಟ್. ಭಾವ ಮೈದುನ ಫೋನಿನಲ್ಲಿ ಅಂಕಗಳನ್ನು ಕೂಗಾಡಿದರು. ನೀರಜಾ ಕೇಳಿಕೊಂಡರು, ಕೊನೆಗೆ ಅರಚಿದರು. ಟೆಸ್ಟನ್ನು ನಡುವೆ ಬಂದ್ ಮಾಡಿದರೆ ಆಕೆ ಮಾಡಿಟ್ಟ ಕೆಲಸವೆಲ್ಲ ಹಾಳಾದೀತೆಂದು ಮಧುಕರ ಹೆದರಿಸಿದರು.

ಸಂಜೆ ಗಡುವು ಮೀರಿದ ಮೇಲೆ ಬಿಲ್ಡರ್ ಫೋನ್ ಮಾಡಿ, ಕೆಲಸ ಬೇರೆಯವರಿಗೆ ಕೊಟ್ಟೆನೆಂದು ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ಹೇಳಿದ. ನೀರಜಾ ಅಡುಗೆಮನೆಯಲ್ಲಿ ನಿಂತು ಅಳುತ್ತಿದ್ದಾಗ ಮಧುಕರ ಓಡಿ ಬಂದರು.

"ನೀರಜಾ, ನಾವ ಗೆದ್ವಿ!"